ಬೇಟೆಗೂ ಗಾಳಕ್ಕೂ ಒಂಟಿ ರ‍್ಯಾಂಚ್: ಮೊಂಟಾನಾ, ವಯೋಮಿಂಗ್, ಕೊಲೊರಾಡೊ

ದಲ್ಲಾಳಿಗಳ ಜಾಹೀರಾತಿನಲ್ಲಿ ಅಮೆರಿಕದ ಈ ಮೂರೂ ರಾಜ್ಯಗಳ ರ‍್ಯಾಂಚ್ (ದನ ಮೇಯಿಸುವ ದೊಡ್ಡ ಜಮೀನು) ಒಂದೇ ಥರ ಕಾಣುತ್ತದೆ: ಹುಲ್ಲುಗಾವಲು, ಹಿಂದೆ ಹಿಮದ ಬೆಟ್ಟ, ನಡುವೆ ಟ್ರೌಟ್ ಮೀನಿನ ಹೊಳೆ. ಆ ಹೊಳೆಗೆ ಬೇರೆ ಯಾರು ಇಳಿಯಬಹುದು ಎಂದು ಕೇಳಿದಾಗ ಮೂರರ ದಾರಿಯೂ ಬೇರೆಯಾಗುತ್ತದೆ.

ಮೊಂಟಾನಾದಲ್ಲಿ ಎರಡೂ ದಂಡೆ ನಿಮ್ಮದಾದರೂ ಗಾಳದವರನ್ನು ತಡೆಯುವಂತಿಲ್ಲ. 1985ರ ಕಾಯ್ದೆಯಂತೆ, ಸಾರ್ವಜನಿಕ ರಸ್ತೆಯ ಸೇತುವೆ ಬಳಿ ಇಳಿದವರು ಹೊಳೆ ತುಂಬಿದಾಗ ನೀರು ಮುಟ್ಟುವ ಗುರುತಿನೊಳಗೇ ಎಷ್ಟು ದೂರ ಬೇಕಾದರೂ ನಡೆಯಬಹುದು. ಹಾಗಾಗಿ ಇಲ್ಲಿ ಎಕರೆಗಿಂತ ಮೊದಲು ಅಳೆಯಬೇಕಾದ್ದು ಹತ್ತಿರದ ಸೇತುವೆಯ ದೂರ. ಬೇಸಿಗೆಯ ಕಿರಿಕಿರಿ ಇನ್ನೊಂದಿದೆ: ನೀರಿನ ಉಷ್ಣತೆ ಸತತ 3 ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಗಾಳ ನಿಲ್ಲಿಸುವ ಆದೇಶ ಬರಬಹುದು. ಸ್ವಂತ ದಂಡೆ ಎಂದು ವಿನಾಯಿತಿ ಇಲ್ಲ.

ವಯೋಮಿಂಗ್‌ನಲ್ಲಿ 1961ರ ತೀರ್ಪೊಂದು ನೀರನ್ನೂ ತಳವನ್ನೂ ಬೇರೆ ಮಾಡಿತು. ದೋಣಿಯಲ್ಲಿ ತೇಲಿ ಹೋಗಬಹುದು. ಖಾಸಗಿ ತಳದಲ್ಲಿ ಕಾಲೂರುವಂತಿಲ್ಲ, ಲಂಗರು ಇಳಿಸುವಂತಿಲ್ಲ. ದೋಣಿ ಸಾಗದಷ್ಟು ಸಣ್ಣ ತೊರೆ ಸಿಕ್ಕರೆ ಅದು ನಿಜಕ್ಕೂ ನಿಮ್ಮದೇ. ಗಾಳವೇ ಮುಖ್ಯವಾದರೆ ನಮ್ಮ ಓಟು ಇದಕ್ಕೆ. ಕೊಲೊರಾಡೊದ 1979ರ ತೀರ್ಪೂ ಜಮೀನುದಾರನ ಕಡೆಗೇ ವಾಲುತ್ತದೆ, ಆದರೆ ತೇಲಿ ಹೋಗುವವರ ಹಕ್ಕಿನ ತಕರಾರು ಇನ್ನೂ ತೀರಿಲ್ಲ.

ಬೇಟೆಯ ಲೆಕ್ಕ ಬೇರೆ. ಜಮೀನು ನಿಮ್ಮದು, ಪ್ರಾಣಿ ರಾಜ್ಯದ್ದು. ಗೇಟಿನೊಳಗೂ ಪರವಾನಗಿ ಬೇಕು. ವಯೋಮಿಂಗ್‌ನಲ್ಲಿ ಜಮೀನುದಾರನ ಪರವಾನಗಿಗೆ ಒಂದೇ ತುಂಡಿನ 160 ಎಕರೆ ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ನೀವು ಬೇಟೆಯಾಡುವ ಜಾತಿಯ ಪ್ರಾಣಿಗಳು ಅಲ್ಲಿ ಎಲ್ಲ ಸೇರಿ 2,000 ದಿನಗಳಷ್ಟು ಮೇಯ್ದಿರಬೇಕು, ಅಂದರೆ ಹುಲ್ಲೆಯನ್ನು ಹೋಲುವ 20 ಪ್ರಾಂಗ್‌ಹಾರ್ನ್ 100 ದಿನ. ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಮೊಂಟಾನಾ ಸೀಮಿತ ಪರವಾನಗಿಗಳಲ್ಲಿ ಶೇ. 15ನ್ನು ಜಮೀನುದಾರರಿಗೆ ಮೀಸಲಿಡುತ್ತದೆ: ಜಿಂಕೆಗೆ ಕನಿಷ್ಠ 160 ಎಕರೆ, ದೊಡ್ಡ ಜಿಂಕೆ ಜಾತಿಯ ಎಲ್ಕ್‌ಗೆ 640. ಅದೂ ಚೀಟಿ ಎತ್ತುವ ಲೆಕ್ಕವೇ. ಕೊಲೊರಾಡೊದ್ದು ಕೂಡ 160 ಎಕರೆ, ಆದರೆ ಅಲ್ಲಿ ಸಿಗುವ ವೋಚರನ್ನು (ಬೇಟೆ ಪರವಾನಗಿ ಕೊಳ್ಳುವ ಚೀಟಿ) ಇನ್ನೊಬ್ಬರಿಗೆ ಮಾರಬಹುದು.

ಕೊಲೊರಾಡೊದಲ್ಲಿ ಜನ ಎಡವುವುದು 35 ಎಕರೆಯ ತುಂಡುಗಳಲ್ಲಿ. 1972ರ ಕಾನೂನಿನಂತೆ 35 ಎಕರೆ ಅಥವಾ ಅದಕ್ಕಿಂತ ದೊಡ್ಡ ತುಂಡುಗಳಿಗೆ ಕೌಂಟಿಯ (ಜಿಲ್ಲೆಯಂಥ ಸ್ಥಳೀಯ ಆಡಳಿತ) ಬಡಾವಣೆ ಪರಿಶೀಲನೆ ಇಲ್ಲ, ಮನೆಬಳಕೆಯ ಕೊಳವೆಬಾವಿಯೂ ಸುಲಭ. ಆದ್ದರಿಂದಲೇ ಹಳೆ ರ‍್ಯಾಂಚ್‌ಗಳನ್ನು ಆ ಅಳತೆಗೆ ಕತ್ತರಿಸಿ ಮಾರುತ್ತಾರೆ. ಬಾವಿ ಸಿಗುತ್ತದೆ, ವೋಚರ್ ಸಿಗುವುದಿಲ್ಲ, ಸುತ್ತ ನಾಲ್ಕು ಕಡೆ ನಾಲ್ಕು ಮನೆ. ಇದಕ್ಕೆ ಏಕಾಂತ ಎನ್ನುವುದು ಜಾಹೀರಾತು ಬರೆದವನ ಧೈರ್ಯ.

ದಕ್ಷಿಣ ವಯೋಮಿಂಗ್‌ನಲ್ಲಿ 19ನೇ ಶತಮಾನದಲ್ಲಿ ಸರ್ಕಾರ ರೈಲ್ವೆಗೆ ಕೊಟ್ಟ ಭೂದಾನದಿಂದಾಗಿ ಖಾಸಗಿ ಮತ್ತು ಸರ್ಕಾರಿ ಚದರ ಮೈಲಿಗಳು ಚದುರಂಗದ ಮಣೆಯಂತೆ ಕೂತಿವೆ. ಒಳಗೆ ಸಿಕ್ಕಿಬಿದ್ದ ಸರ್ಕಾರಿ ಚೌಕವನ್ನೂ ತಮ್ಮದೇ ಎಂಬಂತೆ ತೋರಿಸಿ ಬೆಲೆ ಏರಿಸುತ್ತಿದ್ದರು. ಖಾಸಗಿ ನೆಲ ಮುಟ್ಟದೆ ಮೂಲೆಯಿಂದ ಮೂಲೆಗೆ ದಾಟುವುದು ಅತಿಕ್ರಮವಲ್ಲ ಎಂದು 2025ರ ಮಾರ್ಚ್‌ನಲ್ಲಿ 10ನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಹಾಗಾಗಿ ಆ ಹೆಚ್ಚುವರಿ ಬೆಲೆ ಕೊಡಬೇಡಿ. ಮೊಂಟಾನಾ ಆ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ.

ಎಚ್-1ಬಿಯಲ್ಲಿರುವ ನಮ್ಮವರಿಗೆ ಒಂದು ಮಾತು: ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲೊಂದು. ಆದ್ದರಿಂದ ಪರವಾನಗಿ ಮೊದಲು, ಬಂದೂಕು ಆಮೇಲೆ.

ಬೇಲಿಯನ್ನು ನಡೆದೇ ನೋಡಿ. ಪ್ರಾಂಗ್‌ಹಾರ್ನ್ ಬೇಲಿ ಹಾರುವುದು ಅಪರೂಪ, ಕೆಳಗೆ ನುಸುಳುತ್ತದೆ. ಕುರಿ ಸಾಕಣೆಯ ಕಾಲದ ಹಳೆ ಬಲೆಬೇಲಿ ಇದ್ದರೆ ಹಿಂಡು ಬೇರೆ ದಾರಿ ಹಿಡಿದಿರುತ್ತದೆ. ಕೆಳತಂತಿ ಮುಳ್ಳಿಲ್ಲದ್ದಾಗಿ ನೆಲದಿಂದ 16–18 ಇಂಚು ಮೇಲಿರಲಿ. ಮೇಲ್ತಂತಿ 42 ಇಂಚು ಮೀರದಿರಲಿ. ಮೇಲಿನ ಎರಡರ ನಡುವೆ 12 ಇಂಚು ಬಿಡಿ, ಇಲ್ಲದಿದ್ದರೆ ಹಾರುವ ಜಿಂಕೆಯ ಹಿಂಗಾಲು ಸಿಕ್ಕಿಕೊಳ್ಳುತ್ತದೆ. ನೆರೆಯವನ ದನ ನುಗ್ಗದಂತೆ ಬೇಲಿ ಕಟ್ಟುವುದು ಮೂರೂ ರಾಜ್ಯಗಳಲ್ಲಿ ಸಾಮಾನ್ಯವಾಗಿ ನಿಮ್ಮ ಹೊಣೆ.

ಕೊನೆಗೆ ದಾರಿ. ನೆರೆಯವನ ಬಾಯಿಮಾತಿನ ಒಪ್ಪಿಗೆ ಅವನು ಜಮೀನು ಮಾರಿದ ದಿನವೇ ಮುಗಿಯಬಹುದು. ದಾರಿಯ ಹಕ್ಕು ಕೌಂಟಿ ಕಚೇರಿಯಲ್ಲಿ ನೋಂದಣಿಯಾಗಿದೆಯೇ ನೋಡಿ. ಭೂಗರ್ಭದ ಖನಿಜದ ಹಕ್ಕು ಯಾರದೆಂದೂ ಅಲ್ಲೇ ಕೇಳಿ. ಕೌಂಟಿಯ ಹಿಮ ತೆಗೆಯುವ ಗಾಡಿ ಎಲ್ಲಿವರೆಗೆ ಬರುತ್ತದೆ ಎಂಬುದನ್ನು ಮಾತ್ರ ಜನವರಿಯಲ್ಲಿ ಹೋಗಿ ಕಣ್ಣಾರೆ ನೋಡಿ.