ಕೀ, ಲಿವರ್, ಐದನೇ ತಂತಿ: ಡ್ರಾಪ್ ಡಿಗೆ ನಾನು ಹಿಡಿದ ಮೂರು ದಾರಿ

ನಮ್ಮ ಬ್ಯಾಂಡಿನಲ್ಲಿ ಡ್ರಾಪ್ ಡಿ ಹಾಡುಗಳು, ಅಂದರೆ ಅತಿ ಕೆಳಗಿನ ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ನುಡಿಸುವಂಥವು, ಎರಡೇ ಇದ್ದಾಗ ತಂತಿ ಬಿಗಿಮಾಡುವ ಕೀ ತಿರುಗಿಸಿ ಕೆಲಸ ಮುಗಿಸುತ್ತಿದ್ದೆ. ಆಮೇಲೆ ಅವು ಐದಾದವು. ಸಾಲಾಗಿ ಬಂದಿದ್ದರೆ ಪರವಾಗಿರಲಿಲ್ಲ, ಒಂದು ಬಿಟ್ಟು ಒಂದು ಬರುತ್ತಿದ್ದವು. ನನ್ನದು ನಾಲ್ಕು ತಂತಿಯ, 34 ಇಂಚು ಸ್ಕೇಲಿನ (ಅಂದರೆ ನುಡಿಯುವ ತಂತಿಯ ಉದ್ದ ಅಷ್ಟು) ಬೇಸ್ ಗಿಟಾರ್. ಇ ತಂತಿ 105 ಗೇಜಿನದು, ಅಂದರೆ 0.105 ಇಂಚು ದಪ್ಪ.

ಕೈಯಿಂದ ಇಳಿಸುವುದಕ್ಕೆ ಖರ್ಚಿಲ್ಲ. ಇ ಸುಮಾರು 41.2 ಹರ್ಟ್ಜ್, ಡಿ 36.7. ಡಿಗಿಂತ ಒಂಚೂರು ಕೆಳಗೆ ಹೋಗಿ, ಅಲ್ಲಿಂದ ಮೇಲೆ ಬಂದರೆ ಶ್ರುತಿ ನಿಲ್ಲುತ್ತದೆ. ಆದರೆ ಅಷ್ಟು ಹೊತ್ತು ಗಾಯಕ ಜನರ ಜೊತೆ ಏನೋ ಮಾತಾಡುತ್ತಾ ನಿಂತಿರಬೇಕು. ಪ್ರತಿ ಸಲ ಎಷ್ಟು ಮಾತು ಹುಡುಕುತ್ತಾನೆ, ಪಾಪ!

ಹಾಗಾಗಿ ಹಿಪ್‌ಶಾಟ್ ಎಕ್ಸ್‌ಟೆಂಡರ್ ಹಾಕಿಸಿದೆ. ಇ ತಂತಿಯ ಕೀ ತೆಗೆದು ಆ ಜಾಗದಲ್ಲೇ ಇದನ್ನು ಕೂರಿಸುತ್ತಾರೆ. ಲಿವರ್ ಮಡಚಿದರೆ ತಂತಿ ಸಡಿಲವಾಗಿ ಡಿ, ವಾಪಸ್ ಎಳೆದರೆ ಇ. ಎಷ್ಟು ಇಳಿಯಬೇಕು ಎಂಬುದಕ್ಕೆ ಒಂದು ಸಣ್ಣ ಸ್ಕ್ರೂ ಇದೆ. ಮೊದಲು ಕೀಯಿಂದ ಇ ಸರಿಮಾಡಿ, ಲಿವರ್ ಇಳಿಸಿ ಸ್ಕ್ರೂನಿಂದ ಡಿ ಸರಿಮಾಡಿ, ಮತ್ತೆ ಮೇಲೆ ಬಂದು ಇ ನೋಡಬೇಕು. ಬೇರೆ ಗೇಜಿನ ತಂತಿ ಹಾಕಿದರೆ ಇಷ್ಟೂ ಮೊದಲಿಂದ.

ಮೊದಲ ಎರಡು ವಾರ ನಾನು ಇದನ್ನು ಬೈದುಕೊಂಡೇ ನುಡಿಸಿದೆ. ಇಳಿಸಿದರೆ ಡಿ ಸ್ವಲ್ಪ ಮೇಲೇ ನಿಲ್ಲುತ್ತಿತ್ತು, ಏರಿಸಿದರೆ ಇ ಸ್ವಲ್ಪ ಕೆಳಗೇ ಉಳಿಯುತ್ತಿತ್ತು. ಎರಡು ಸಲ ಜೋರಾಗಿ ಮೀಟಿದ ಮೇಲೆ ತಾನಾಗಿ ಜಾಗಕ್ಕೆ ಬರುತ್ತಿತ್ತು. ಲಿವರ್ ಕೆಟ್ಟಿದೆ ಅಂತ ಬಿಚ್ಚಲು ಹೊರಟಿದ್ದೆ. ತಪ್ಪು ಲಿವರಿನದಲ್ಲ, ನಟ್ಟಿನದು, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕಚ್ಚುಗಳಲ್ಲಿ ಕೂರುವ ಸಣ್ಣ ಪಟ್ಟಿಯದು. ಅಲ್ಲಿನ ಕಚ್ಚು ಇಕ್ಕಟ್ಟಾಗಿ ತಂತಿ ಸಿಕ್ಕಿಕೊಳ್ಳುತ್ತಿತ್ತು. ಕೀ ಕಡೆ ತಂತಿ ಸಡಿಲವಾದರೂ ಫ್ರೆಟ್‌ಗಳ ಕಡೆ ಬಿಗಿಯಾಗಿಯೇ ಇರುತ್ತಿತ್ತು, ಏರಿಸುವಾಗ ಇದೇ ಉಲ್ಟಾ. ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿದೆ, ಅರ್ಧ ಸರಿಹೋಯಿತು. ಆಮೇಲೆ ಅರದಿಂದ ಎರಡೇ ಎರಡು ಸಲ ಉಜ್ಜಿ ಅಗಲ ಮಾಡಿದೆ. ಅಷ್ಟೇ, ಇವತ್ತಿಗೂ ತಕರಾರಿಲ್ಲ. ಕೈಯಿಂದ ಇಳಿಸುವಾಗಲೂ ಇದೇ ತೊಂದರೆ ಇದ್ದಿರಬೇಕು. ಟ್ಯೂನರ್ ನೋಡುತ್ತಾ ಕೀ ತಿರುಗಿಸುತ್ತಿದ್ದುದರಿಂದ ಗೊತ್ತೇ ಆಗಿರಲಿಲ್ಲ.

ಕಿರಿಕಿರಿಗಳು ಬೇರೆ ಇವೆ. ಇ ಸಡಿಲವಾದಾಗ ನೆಕ್ ಮೇಲಿನ ಎಳೆತ ಕಡಿಮೆಯಾಗಿ ಉಳಿದ ಮೂರು ತಂತಿಗಳು ಕೂದಲೆಳೆಯಷ್ಟು ಏರುತ್ತವೆ. ಡ್ರಮ್ಸ್ ಜೊತೆ ಯಾರಿಗೂ ಕೇಳಿಸದು, ರೆಕಾರ್ಡಿಂಗಿನಲ್ಲಿ ಮಾತ್ರ ಟ್ಯೂನರ್ ನೋಡುತ್ತೇನೆ. ಈ ಕೀ ಮಾಮೂಲಿನದಕ್ಕಿಂತ ಭಾರ, ಹಾಗಾಗಿ ಗಿಟಾರಿನ ತಲೆ ಬಾಗುತ್ತದೆ. ಒರಟು ಬಟ್ಟೆಯ ಹೆಗಲ ಪಟ್ಟಿ ಹಾಕಿದ ಮೇಲೆ ಜಾರುವುದು ನಿಂತಿತು.

ಎರಡು ಸ್ವರಕ್ಕೆ ಇಳಿಯುವ ಲಿವರ್ ಕೂಡ ಸಿಗುತ್ತದೆ, ಗೆಳೆಯನ ಗಿಟಾರಿನಲ್ಲಿ ನುಡಿಸಿ ನೋಡಿದೆ. ಡಿ ಚೆನ್ನಾಗಿತ್ತು. ಸಿಗೆ ಇಳಿದರೆ 105 ತಂತಿಯ ಬಿಗಿತ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಗ್ಗಿ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಫ್ರೆಟ್ ಮೇಲೆ ಬಡಿಯಿತು. ಬೇಸ್ ವಾದಕ ಮೈಕಲ್ ಮ್ಯಾನ್ರಿಂಗ್ ತಮ್ಮ ಜೋನ್ ಹೈಪರ್‌ಬೇಸ್‌ನಲ್ಲಿ ಇಂಥ ಲಿವರುಗಳನ್ನು ನುಡಿಸುತ್ತಿರುವ ಕೃತಿಯ ನಡುವೆಯೇ ಆಡಿಸಿ, ಶ್ರುತಿ ಬದಲಾಗುವುದನ್ನೇ ಸಂಗೀತ ಮಾಡುತ್ತಾರೆ. ನನಗೆ ಒಂದು ಡಿ ಸಿಕ್ಕರೆ ಸಾಕಪ್ಪ.

ಐದು ತಂತಿಯ ಬೇಸನ್ನು ಎರವಲು ತಂದು ಒಂದು ತಿಂಗಳು ನುಡಿಸಿದೆ. ಶ್ರುತಿ ಬದಲಿಸುವ ಗೋಜೇ ಇಲ್ಲ, ಬಿ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಡಿ ಕಾದು ಕೂತಿರುತ್ತದೆ. ಬೆರಳಿನ ಜಾಗವೂ ಬದಲಾಗದು. ಲಿವರ್ ಇಳಿಸಿದಾಗ ಮೂರನೇ ಫ್ರೆಟ್ಟಿನ ಜಿ ಐದಕ್ಕೆ ಹೋಗುತ್ತದೆ ಅಲ್ವಾ, ಅದನ್ನು ಮರೆತು ವೇದಿಕೆಯಲ್ಲೇ ಎಡವಟ್ಟು ಮಾಡಿದ್ದೇನೆ. ಆದರೂ ಐದು ತಂತಿಯದನ್ನು ವಾಪಸ್ ಕೊಟ್ಟೆ. ನಮ್ಮ ಹಾಡುಗಳಿಗೆ ಬೇಕಿರುವುದು ಬೆರಳಿಡದೆ ಮೊಳಗುವ ತೆರೆದ ಡಿ. ಅದರ ಮೇಲೆ ಕೈ ಇಡೀ ನೆಕ್ ಓಡಾಡಬೇಕು. ಹಾಡಿನುದ್ದಕ್ಕೂ ಆ ಫ್ರೆಟ್ ಒತ್ತಿ ಹಿಡಿದಿದ್ದರೆ ಅದಾಗದು. ಇ ಗಿಂತ ಕೆಳಗಿನ ಸ್ವರಗಳು ಹಾಡು ಹಾಡಿಗೂ ಬೇಕು ಅನ್ನುವವರು ಅದನ್ನೇ ತೆಗೆದುಕೊಳ್ಳಲಿ.

ಸದ್ಯ ಲಿವರ್ ಉಳಿದಿದೆ. ಡಿಯಲ್ಲಿ ತಂತಿ ಇನ್ನೂ ಸ್ವಲ್ಪ ಬಿಗಿಯಾಗಿರಲಿ ಅಂತ ಮುಂದಿನ ಸಲ 110 ಗೇಜ್ ಹಾಕಿ ನೋಡಬೇಕೆಂದಿದ್ದೇನೆ. ಅರ ಮತ್ತೆ ಹೊರಗೆ ಬರಬೇಕಾಗುತ್ತದೆ.