ಶೂಟಿಂಗ್ ಪ್ರಮೋಷನ್ ಕೆಲಸಕ್ಕೆ ಕರೆದರೆ, ಫುಟೇಜ್ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಕರಾವಳಿಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಸಿನಿಮಾ ಸುದ್ದಿ ಬರೆದುಕೊಂಡು, ಯೂಟ್ಯೂಬ್, ರೀಲ್ಸ್ ಮಾಡಿಕೊಂಡು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ "ಪ್ರಮೋಷನ್ ಏಜೆನ್ಸಿ" ಅಂತ ಫೋನ್ ಮಾಡಿ ರಾ ಫುಟೇಜ್ (ಎಡಿಟ್ ಮಾಡದ ಮೂಲ ವಿಡಿಯೊ) ಪೂರ್ತಿ ಕಳಿಸಿ ಅಂದರೆ, ಕೈಯಲ್ಲಿ ಸಹಿ ಮಾಡಿದ ಕಾಗದ ಇಲ್ಲದೆ ಒಂದು ಕ್ಲಿಪ್ಪನ್ನೂ ಕಳಿಸಬೇಡಿ. ಸ್ಯಾಂಪಲ್ ಅಂತ ಕೇಳಿದರೂ ಅಷ್ಟೇ.

ನನಗೆ ಆದದ್ದು ಹೇಳುತ್ತೇನೆ. ಏಜೆನ್ಸಿ ಬೆಂಗಳೂರಿನದ್ದು. ಹೆಸರು ಹಾಕುವುದಿಲ್ಲ, ಬಾಕಿ ವಿಷಯ ಇನ್ನೂ ಮುಗಿದಿಲ್ಲ. ಸಿನಿಮಾದ ಹೆಸರೂ ಬೇಡ. ಆ ತಂಡದವರಿಗೆ ಇದರ ಸುದ್ದಿಯೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಈ ಕೆಲಸ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತು. ಗೋಕರ್ಣದ ಓಂ ಬೀಚ್, ಮಿರ್ಜಾನ್ ಕೋಟೆ, ಯಾಣ, ಅಪ್ಸರಕೊಂಡ ಅಂತ ಲೊಕೇಶನ್ ಹುಡುಕಿಕೊಂಡು ತಂಡಗಳು ಬರುತ್ತವೆ. ಮೇಕಿಂಗ್ ವಿಡಿಯೊ, ಸಣ್ಣ ಸಂದರ್ಶನ, ರೀಲ್ಸ್ ಮಾಡೋಕೆ ಬೆಂಗಳೂರಿಂದ ಜನ ಕರೆತಂದರೆ ರೂಮು, ಊಟ, ಬಾಡಿಗೆ ಕಾರು ಎಲ್ಲ ಖರ್ಚು. ಅದಕ್ಕೇ ಇಲ್ಲಿನವರನ್ನು ಹುಡುಕುತ್ತಾರೆ. ನಮಗೂ ಒಳ್ಳೆಯದೇ. ಒಂದೊಂದು ಪತ್ರಿಕೆಗೆ ಬರಹ ಕಳಿಸಿ ಬರುವ ಗೌರವಧನದಲ್ಲಿ ಕ್ಯಾಮೆರಾದ ಬ್ಯಾಟರಿಯೂ ಬರುವುದಿಲ್ಲ ಅಲ್ವಾ.

ಫೋನ್ ಮಾಡಿದವನು ತುಂಬ ಚೆನ್ನಾಗಿ ಮಾತಾಡಿದ. "ಬ್ರೋ, ನಿಮ್ಮ ಚಾನೆಲ್ ಫುಲ್ ನೋಡಿದ್ವಿ, ಆ ಚೌಕಿ ವಿಡಿಯೊ ಅಂತೂ ಸಖತ್" ಅಂದ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚುವುದರಿಂದ ಹಿಡಿದು ಕಿರೀಟ ಕಟ್ಟುವವರೆಗೆ ನಾನೇ ಹಿಂದೆ ಮಾಡಿದ್ದ ಉದ್ದನೆಯ ವಿಡಿಯೊ ಅದು. ಯಾರೂ ದುಡ್ಡು ಕೊಟ್ಟು ಮಾಡಿಸಿದ್ದಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಕೆಲಸ ಏನು ಅಂದರೆ ಗೋಕರ್ಣ, ಹೊನ್ನಾವರ ಕಡೆಯ ಶೂಟಿಂಗಿನ ಮೇಕಿಂಗ್, ನಟರ ಸಂದರ್ಶನ, ಒಂದಷ್ಟು ರೀಲ್ಸ್. ಸ್ವಲ್ಪ ಅಡ್ವಾನ್ಸ್ ಕೊಟ್ಟರು, ಅದರಲ್ಲೂ ಹತ್ತು ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ ಆದಾಯ ತೆರಿಗೆ) ಮುರಿದುಕೊಂಡರು. ಒಪ್ಪಂದದ ಕಾಗದ ಕೇಳಿದೆ. "ಲೀಗಲ್ ಟೀಮ್ ಕಳಿಸುತ್ತೆ ಸರ್" ಅಂದರು. ಮತ್ತೆ ಕೇಳಿದೆ. ಅದೇ ಉತ್ತರ. ಶೂಟಿಂಗ್ ಮುಗಿದು ತಂಡ ಲಾರಿ ಹತ್ತಿಸಿಕೊಂಡು ಹೋದರೂ ಆ ಲೀಗಲ್ ಟೀಮ್ ನಿದ್ದೆಯಿಂದ ಏಳಲಿಲ್ಲ.

ಎಡಿಟ್ ಮಾಡಿದ ವಿಡಿಯೊ ಕಳಿಸಿದ ಮೇಲೆ ನಿಜವಾದ ಆಟ ಶುರುವಾಯಿತು. ಮೊದಲು "ಫೈನಲ್ ಕಟ್ ಇನ್ನೂ ಅಪ್ರೂವ್ ಆಗಿಲ್ಲ" ಅಂದರು. ಆಮೇಲೆ "ನಮ್ಮ ಎಡಿಟರ್‌ಗೆ ಕಲರ್ ಮ್ಯಾಚ್ ಮಾಡೋಕೆ ರಾ ಬೇಕು" ಅಂದರು. ರಾ ಕಳಿಸಿದ್ದಾಯಿತು. ನಮ್ಮ ಮನೆಯ ನೆಟ್ಟಿನಲ್ಲಿ ಅಷ್ಟು ಡೇಟಾ ಏರಿಸಿದರೆ ಮಳೆಗಾಲ ಬಂದು ಹೋಗುತ್ತದೆ. ಕುಮಟಾ ಪೇಟೆಯಲ್ಲಿ ಗೆಳೆಯನ ಅಂಗಡಿಯ ಫೈಬರ್ ಕನೆಕ್ಷನ್ನಿಗೆ ಹಚ್ಚಿ ರಾತ್ರಿಯಿಡೀ ಕಾದಿದ್ದೆ. ಕಡೆಗೆ "ಸ್ವಲ್ಪ ಲೋಕಲ್ ಫ್ಲೇವರ್ ಬೇಕು, ಹಳೆ ಯಕ್ಷಗಾನದ ಕ್ಲಿಪ್ ಇದ್ದರೆ ಸ್ಯಾಂಪಲ್‌ಗೆ ಹಾಕಿ, ಮುಂದಿನ ಪ್ರಾಜೆಕ್ಟ್‌ಗೆ ಕ್ಲೈಂಟಿಗೆ ತೋರಿಸಬೇಕು" ಅಂದರು. ಚೌಕಿ ವಿಡಿಯೊದ ಕ್ಲಿಪ್ಪುಗಳ ಡ್ರೈವ್ ಲಿಂಕನ್ನೂ ಕಳಿಸಿದೆ. ಮುಂದಿನ ಪ್ರಾಜೆಕ್ಟ್ ಅನ್ನುವ ಮಾತು ಬಂದರೆ ಹಿಂದಿನ ಬಾಕಿ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಈಚೆಗೆ ಇಂಥ ಅನುಭವ ಆದ ಬೇರೆಯವರ ಹತ್ತಿರ ಮಾತಾಡಿದಾಗಲೂ ಎಲ್ಲರ ಕತೆಯಲ್ಲೂ ಈ ಮಾತು ಇತ್ತು.

ಬಾಕಿ ಕೇಳಿದಾಗೆಲ್ಲ "ಪ್ರೊಡ್ಯೂಸರ್ ಕಡೆಯಿಂದ ನಮಗೇ ಬಂದಿಲ್ಲ" ಅನ್ನುತ್ತಿದ್ದರು. ಪ್ರೊಡ್ಯೂಸರ್ ಜೊತೆ ಮಾತಾಡಿಕೊಂಡವನು ನಾನಲ್ಲವಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಕಡೆಯ ಹಿರಿಯ ವೇಷಧಾರಿಯೊಬ್ಬರ ಫೋನ್ ಬಂತು. ನನ್ನನ್ನು ಚಿಕ್ಕಂದಿನಿಂದ ನೋಡಿದವರು. "ತಮಾ, ಇದೆಂತದಾ? ನಾ ಯಾವಾಗ ಹೋಮ್‌ಸ್ಟೇ ಮಾರಲೆ ಶುರು ಮಾಡಿದ್ದು?" ಅಂತ ಕೇಳಿದರು. ಅವರ ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ್ದನಂತೆ. ಅವರು ಅರ್ಧ ಬಣ್ಣ ಹಚ್ಚಿಕೊಂಡು ಕನ್ನಡಿ ನೋಡುತ್ತಿರುವ ನನ್ನ ಶಾಟ್, ಅದರ ಮೇಲೆ ಒಂದು ಹೋಮ್‌ಸ್ಟೇ ಹೆಸರು, ರೂಮಿನ ದರ, ಬುಕ್ಕಿಂಗ್ ನಂಬರ್. ಸಿನಿಮಾಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಏಜೆನ್ಸಿಯವರು ನನ್ನ ಸ್ಯಾಂಪಲ್ಲನ್ನು ಬೇರೊಬ್ಬ ಗಿರಾಕಿಗೆ ಮಾರಿದ್ದರು.

ದುಡ್ಡು ಹೋದದ್ದಕ್ಕಿಂತ ನನಗೆ ಇದು ಜಾಸ್ತಿ ಹತ್ತಿತು. 1934ರಲ್ಲಿ ಹುಟ್ಟಿದ ಕೆರೆಮನೆಯವರ ಇಡಗುಂಜಿ ಮೇಳದಂಥ ಮೇಳಗಳು ಬೆಳೆದ ಊರು ಇದು. ಇಲ್ಲಿ ವೇಷ ಕಟ್ಟುವವರಿಗೆ ಮುಖಕ್ಕೆ ಬಣ್ಣ ಬಿದ್ದ ಮೇಲೆ ಒಂದು ಮರ್ಯಾದೆ ಇದೆ. ಚೌಕಿಯೊಳಗೆ ಕ್ಯಾಮೆರಾ ಬಿಟ್ಟದ್ದೇ ನನ್ನ ಮುಖ ನೋಡಿ. ಕಾನೂನೂ ಅವರ ಪರವೇ ಇದೆ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕೊಡುವ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಇದೆ. ನಡೆಯುತ್ತಿರುವ ಸಂಗತಿಯ ವರದಿಗೆ ಒಂದಿಷ್ಟು ತೋರಿಸಲು ರಿಯಾಯಿತಿ ಇದೆ, ಜಾಹೀರಾತಿಗೆ ಆ ರಿಯಾಯಿತಿ ಇಲ್ಲ. ಅವರ ಮನೆಗೆ ಹೋಗಿ ಎಲ್ಲ ವಿವರ ಹೇಳಿ ಬಂದೆ. ಹೋಮ್‌ಸ್ಟೇ ಮಾಲೀಕರಿಗೂ ಫೋನ್ ಮಾಡಿದೆ. ಪಾಪ, ಅವರೂ ದುಡ್ಡು ಕೊಟ್ಟು ಮೋಸ ಹೋದವರೇ. ಅವತ್ತೇ ಜಾಹೀರಾತು ತೆಗೆದರು.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನದೇ ಚೌಕಿ ವಿಡಿಯೊಗೆ ಯೂಟ್ಯೂಬಿನಿಂದ ಕಂಟೆಂಟ್ ಐಡಿ (ಒಂದೇ ಥರದ ವಿಡಿಯೊ ತಾನಾಗೇ ಪತ್ತೆ ಹಚ್ಚುವ ವ್ಯವಸ್ಥೆ) ಕ್ಲೇಮ್ ಬಂತು. ಇದರ ಮಾಲೀಕರು ಬೇರೆ, ಇನ್ನು ಮುಂದೆ ಇದರ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ ಅಂತ. ಏಜೆನ್ಸಿಯವರು ನನ್ನ ಕ್ಲಿಪ್ಪುಗಳನ್ನು ಒಂದು ದೊಡ್ಡ ನೆಟ್‌ವರ್ಕ್ ಮೂಲಕ ತಮ್ಮ ಹೆಸರಲ್ಲಿ ಏರಿಸಿದ್ದರು. ಯಂತ್ರಕ್ಕೆ ಭಾಗವತರ ಪದ್ಯವೂ ಚಿತ್ರವೂ ಹೊಂದಿಕೆಯಾಯಿತು, ಅಷ್ಟೇ. ಅಡಿಕೆ ಫಸಲು ಗುತ್ತಿಗೆಗೆ ಕೊಟ್ಟರೆ ತೋಟವನ್ನೇ ತನ್ನ ಹೆಸರಿಗೆ ಬರೆಸಿಕೊಂಡ ಹಾಗಾಯಿತು.

ಇಂಥ ಕ್ಲೇಮ್ ಬಂದರೆ ಹೆದರಬೇಡಿ, ಆದರೆ ತಡ ಮಾಡಬೇಡಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಸ್ಟ್ರೈಕ್ ಅಂದರೆ ಚಾನೆಲ್ ಮೇಲೇ ಬೀಳುವ ಎಚ್ಚರಿಕೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್‌ನಲ್ಲಿ ಸಾಮಾನ್ಯವಾಗಿ ಹಣ ಮಾತ್ರ ಬೇರೆ ಕಡೆ ತಿರುಗುತ್ತದೆ. ಐದು ದಿನದೊಳಗೆ ಡಿಸ್ಪ್ಯೂಟ್ (ತಕರಾರು) ಹಾಕಿದರೆ ಕ್ಲೇಮ್ ಬಿದ್ದ ಮೊದಲ ದಿನದಿಂದಲೇ ಹಣವನ್ನು ಯೂಟ್ಯೂಬ್ ಯಾರಿಗೂ ಕೊಡದೆ ತಡೆದಿಡುತ್ತದೆ. ತಡವಾದರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಕ್ಲೇಮ್ ಹಾಕಿದವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಅವರು ಸುಮ್ಮನಿದ್ದರೆ ಕ್ಲೇಮ್ ತಾನಾಗೇ ಬಿದ್ದುಹೋಗುತ್ತದೆ. ನನ್ನ ವಿಷಯದಲ್ಲಿ ಆದದ್ದು ಅದೇ. ಕಾರ್ಡಿನಿಂದ ತೆಗೆದ ಮೂಲ ಫೈಲುಗಳು ತಾರೀಖಿನ ಸಮೇತ ನನ್ನ ಹಾರ್ಡ್‌ಡಿಸ್ಕಿನಲ್ಲಿ ಇದ್ದವು, ಆ ಧೈರ್ಯದ ಮೇಲೆ ಡಿಸ್ಪ್ಯೂಟ್ ಹಾಕಿದೆ. ಅವರು ಬಾಯಿ ಬಿಡಲಿಲ್ಲ. ಜಾಗ ಸಾಲದು ಅಂತ ಮೂಲ ಫೈಲ್ ಅಳಿಸುವ ಅಭ್ಯಾಸ ನಮ್ಮಲ್ಲಿ ತುಂಬ ಜನರಿಗೆ ಇದೆ. ದಯವಿಟ್ಟು ಬಿಡಿ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು. "ಶೂಟ್ ಮಾಡಿದ್ದು ನಾನು, ಹಾಗಾಗಿ ಹಕ್ಕು ನನ್ನದು" ಅಂತ ನಾವೆಲ್ಲ ಹೇಳುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಹಾಗೆ ಹೇಳುವುದಿಲ್ಲ. ಸ್ವತಂತ್ರವಾಗಿ ಬರೆದ ಲೇಖನದ ಹಕ್ಕು ಬರೆದವರದ್ದೇ. ಆದರೆ ಯಾರಾದರೂ ಹಣ ಕೊಡುತ್ತೇನೆ ಅಂತ ಹೇಳಿ ಮಾಡಿಸಿಕೊಂಡ ಫೋಟೊ ಅಥವಾ ವಿಡಿಯೊ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲ ಮಾಲೀಕರು ಮಾಡಿಸಿಕೊಂಡವರು! ಅಂದರೆ ಒಪ್ಪಂದ ಕಳಿಸದೆ ಸತಾಯಿಸುವುದು ಬರೀ ಸೋಮಾರಿತನ ಅಲ್ಲ. ಕಾಗದ ಇಲ್ಲದಿದ್ದರೆ ಲಾಭ ಅವರಿಗೇ. ಮೇಕಿಂಗ್ ವಿಡಿಯೊದ ವಿಷಯದಲ್ಲಿ ನಾನು ಜಗ್ಗಾಡಲು ಹೋಗದೆ ಬರೀ ಬಾಕಿ ಹಣ ಕೇಳುತ್ತಿರುವುದು ಇದಕ್ಕೇ. ಚೌಕಿ ವಿಡಿಯೊ ಯಾರೂ ಹೇಳಿ ಮಾಡಿಸಿದ್ದಲ್ಲ, ಅದು ನನ್ನದೇ. ಅದರ ಹಕ್ಕು ಬೇರೆಯವರಿಗೆ ಹೋಗಬೇಕಾದರೆ 19ನೇ ಕಲಮಿನ ಪ್ರಕಾರ ಬರಹದಲ್ಲಿ, ನನ್ನ ಸಹಿಯೊಂದಿಗೆ ಆಗಬೇಕು. ಡ್ರೈವ್ ಲಿಂಕ್ ಕಳಿಸಿದರೆ ಹಕ್ಕು ಹೋಗುವುದಿಲ್ಲ. ಸಹಿ ಮಾಡುವಾಗ ಎಷ್ಟು ಕಾಲಕ್ಕೆ, ಎಲ್ಲಿ, ಯಾವ ಉಪಯೋಗಕ್ಕೆ ಅಂತ ಬರೆಸಿ. ಕಾಲ ಬರೆಯದಿದ್ದರೆ ಐದು ವರ್ಷ ಅಂತ ಕಾನೂನೇ ಇಟ್ಟುಕೊಳ್ಳುತ್ತದೆ.

ಇದೇ ಏಜೆನ್ಸಿ ಮಧ್ಯದಲ್ಲಿ ಇನ್ನೊಂದು ಕೆಲಸ ಹೇಳಿತ್ತು. ಕಾರವಾರದಲ್ಲಿ ಸಮುದ್ರದ ಮೇಲಿಂದ ಡ್ರೋನ್ ಶಾಟ್, "ಪರ್ಮಿಷನ್ ನಾವು ನೋಡ್ಕೋತೀವಿ". ನಾನು ಆಗೋದಿಲ್ಲ ಅಂದೆ. ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. 2021ರ ಡ್ರೋನ್ ನಿಯಮದ ಪ್ರಕಾರ ಕೆಂಪು ವಲಯದಲ್ಲಿ, ಅಂದರೆ ಡ್ರೋನ್ ಹಾರಾಟ ನಿರ್ಬಂಧಿಸಿದ ಜಾಗದಲ್ಲಿ, ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 250 ಗ್ರಾಮಿನೊಳಗಿನ ಪುಟ್ಟ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ ಅನ್ನುವುದು ನಿಜ, ಆದರೆ ಕೆಂಪು ವಲಯದಲ್ಲಿ ಅದಕ್ಕೂ ಬಿಡುವಿಲ್ಲ. ಸಿಕ್ಕಿಬಿದ್ದರೆ ಪೊಲೀಸರು ಹಿಡಿಯುವುದು ರಿಮೋಟ್ ಕೈಯಲ್ಲಿದ್ದವನನ್ನು. ಬೆಂಗಳೂರಿನಲ್ಲಿ ಕೂತು ಮೆಸೇಜ್ ಮಾಡಿದವನ ಹೆಸರು ಅಲ್ಲಿ ಬರುವುದೇ ಇಲ್ಲ. ಅನುಮತಿ ಪತ್ರದ ಪ್ರತಿ ನಿಮ್ಮ ಕೈಗೆ ಬರುವವರೆಗೆ ಡ್ರೋನ್ ಬ್ಯಾಗಿನಲ್ಲೇ ಇರಲಿ.

ಬಾಕಿಗೆ ಬದಲಾಗಿ ರೆಸಾರ್ಟಿನಲ್ಲಿ ಫ್ರೀ ರೂಮು ಕೊಡುತ್ತೇವೆ, ಒಂದು ಒಳ್ಳೆ ವಿಡಿಯೊ ಹಾಕಿ ಅಂತಲೂ ಹೇಳಿದರು. ನಮ್ಮ ಊರಲ್ಲಿ ನನಗೆ ರೂಮು ಯಾಕೆ ಬೇಕು ಹೇಳಿ. ಅದೂ ಅಲ್ಲದೆ ಪುಕ್ಕಟೆ ವಸ್ತು, ವಾಸ ಪಡೆದು ಹೊಗಳಿದರೆ ಅದು ಜಾಹೀರಾತು ಅಂತ ವಿಡಿಯೊದಲ್ಲೇ ಕಾಣುವಂತೆ ಹಾಕಬೇಕು. ಇಲ್ಲದಿದ್ದರೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಸಿನಿಮಾ ವಿಮರ್ಶೆಯನ್ನೂ ಹೀಗೆ ಕೊಂಡುಕೊಳ್ಳಲು ಬರುತ್ತಾರೆ, ಗುಟ್ಟೇನಲ್ಲ. ಒಮ್ಮೆ ಮಾರಿದ ಮೇಲೆ ನಿಮ್ಮ ವಿಮರ್ಶೆ ಯಾರು ನಂಬುತ್ತಾರೆ?

ಹಣದ ವಿಷಯ. ಆದಾಯ ತೆರಿಗೆಯ ಪೋರ್ಟಲ್ಲಿನಲ್ಲಿ ಫಾರ್ಮ್ 26ಎಎಸ್ (ನಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ತೆಗೆದು ನೋಡಿದೆ. ಅಡ್ವಾನ್ಸಿನಲ್ಲಿ ಮುರಿದ ಟಿಡಿಎಸ್ ಅಲ್ಲಿ ಇರಲೇ ಇಲ್ಲ. ಅಂದರೆ ನನ್ನ ಹೆಸರಲ್ಲಿ ಮುರಿದುಕೊಂಡದ್ದು ನನ್ನ ಖಾತೆಗೆ ಕಟ್ಟಿರಲಿಲ್ಲ. ಪತ್ರ ಬರೆದು ಇದನ್ನು ಎತ್ತಿದ ಮೇಲೆ ಮೊದಲ ಸಲ ಅವರ ಅಕೌಂಟ್ಸ್ ವಿಭಾಗದಿಂದ ಗೌರವವಾಗಿ ಫೋನ್ ಬಂತು. ಬಾಕಿಯಲ್ಲಿ ಒಂದು ಭಾಗವೂ ಬಂತು. ಸಿನಿಮಾದವರಿಗೆ ಹೆದರದವರು ತೆರಿಗೆಗೆ ಹೆದರುತ್ತಾರೆ.

ಇನ್ನೊಂದು ದಾರಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು. ನಮ್ಮಂಥ ಒಬ್ಬರೇ ಸೇವೆ ಕೊಡುವವರೂ ಅದನ್ನು ಮಾಡಿಸಬಹುದು. ಸರ್ಕಾರದ ಪೋರ್ಟಲ್ಲಿನಲ್ಲಿ ಪುಕ್ಕಟೆ, ಯಾವ ಏಜೆಂಟನಿಗೂ ದುಡ್ಡು ಕೊಡಬೇಕಿಲ್ಲ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಲ್ಲಿ ಬರಹದ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಬಾಕಿ ಇಟ್ಟುಕೊಳ್ಳುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಆದರೆ ನೋಂದಣಿ ಕೆಲಸಕ್ಕೆ ಮುಂಚೆ ಆಗಿರಬೇಕು. ಆಮೇಲೆ ಮಾಡಿಸಿ ಹಳೆ ಬಾಕಿಗೆ ಅದನ್ನು ಹಿಡಿದುಕೊಂಡು ಹೋದರೆ ಹಾಗೆ ಮಾಡಿದರೆ ನಡೆಯುವುದಿಲ್ಲ ಅನ್ನುವ ಸುಪ್ರೀಂ ಕೋರ್ಟಿನ 2021ರ ತೀರ್ಪನ್ನು ಎದುರಿನ ವಕೀಲರು ಮುಂದಿಡುತ್ತಾರೆ. ಈ ಸಲ ನನಗೆ ಅದು ಒದಗಲಿಲ್ಲ, ವಕೀಲರ ನೋಟಿಸ್ ಕೊಟ್ಟು ಕಾಯುತ್ತಿದ್ದೇನೆ. ಹೊಸ ಕೆಲಸಗಳ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕುತ್ತಿದ್ದೇನೆ, ಅದಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಈಗ ಕೊಡುವುದೆಲ್ಲ ಕಡಿಮೆ ಗುಣಮಟ್ಟದ, ನಡುವೆ ನನ್ನ ಹೆಸರು ಹಾಕಿದ ಪ್ರಿವ್ಯೂ. ಪೂರ್ತಿ ಹಣ ಬಂದ ಮೇಲೆ ಫೈನಲ್. ರಾ ಬೇಕಾದರೆ ಅದಕ್ಕೆ ಬೇರೆ ದರ. ಚಾನೆಲ್ಲಿನ ಮ್ಯಾನೇಜರ್ ಆಕ್ಸೆಸ್ ಯಾರಿಗೂ ಇಲ್ಲ. ಇದಕ್ಕೆ ಒಪ್ಪದೆ ಹೋದವರೂ ಇದ್ದಾರೆ, ಹೋಗಲಿ ಬಿಡಿ.

ಅದೇ ಜನ ಈಗ ಬೇರೆ ಹೆಸರಿನಲ್ಲಿ ಶಿರಸಿ ಕಡೆ ಹುಡುಗರನ್ನು ಹುಡುಕುತ್ತಿದ್ದಾರೆ, ಹೋಳಿ ಹೊತ್ತಿನ ಬೇಡರ ವೇಷದ ಹಳೆ ವಿಡಿಯೊ "ಸ್ಯಾಂಪಲ್‌ಗೆ" ಕೇಳುತ್ತಿದ್ದಾರೆ ಅಂತ ಇಬ್ಬರು ಹೇಳಿದರು. ನಿಮಗೂ ಅಂಥ ಮೆಸೇಜ್ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನನಗೆ ತಿಳಿಸಿ, ನನ್ನ ವಕೀಲರಿಗೆ ಅದು ಉಪಯೋಗಕ್ಕೆ ಬರುತ್ತದೆ. ಎರಡು ಪುಟದ ಒಪ್ಪಂದದ ಮಾದರಿಯನ್ನು ಕನ್ನಡದಲ್ಲೇ ಮಾಡಿಸಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ.