‘ಹೂಂ’ ಅಂದ ಮೇಲೆ ಏನು? ನಾಲ್ಕು ಚೀನೀ ಪ್ರೇಮ ಧಾರಾವಾಹಿಗಳ ಹೋಲಿಕೆ

ಚೀನೀ ಪ್ರೇಮ ಧಾರಾವಾಹಿ ನೋಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಆಫೀಸಿನಲ್ಲಿ ಮೂವರು ಕೇಳಿದರು. ಮೂವರಿಗೂ ಬೇರೆ ಬೇರೆ ಹೆಸರು ಹೇಳಿದೆ. ಒಬ್ಬಳು ಎರಡೇ ಎಪಿಸೋಡಿಗೆ ಬಿಟ್ಟಳು. ಇನ್ನೊಬ್ಬಳು ಬೆಳಗಿನ ಜಾವ ಮೂರರ ತನಕ ನೋಡಿ ಮರುದಿನ ರಜೆ ಹಾಕಿದಳು. ಮೂರನೆಯವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಹಾಗಾಗಿ ಈ ಮಳೆಗಾಲದಲ್ಲಿ ನಾಲ್ಕನ್ನು ಮತ್ತೆ ಮೊದಲಿನಿಂದ ನೋಡಿದೆ. ಈ ಸಲ ಪಕ್ಕದಲ್ಲಿ ಅಮ್ಮನೂ ಇದ್ದಳು. ಅವಳಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಬರಲ್ಲ, ನಾನೇ ಅಲ್ಲಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ನನ್ನ ಕಣ್ಣಿಗೆ ಬೀಳದಿದ್ದ ಎಷ್ಟೋ ವಿಷಯ ಅವಳ ಪ್ರಶ್ನೆಗಳಿಂದಲೇ ಹೊರಗೆ ಬಂದವು.

ನಾಲ್ಕು ಇವು: ‘ಹಿಡನ್ ಲವ್’ (2023, 25 ಕಂತು), ‘ಲವ್ ಬಿಟ್ವೀನ್ ಫೇರಿ ಆ್ಯಂಡ್ ಡೆವಿಲ್’ (2022, 36 ಕಂತು), ‘ಯು ಆರ್ ಮೈ ಗ್ಲೋರಿ’ (2021, 32 ಕಂತು), ‘ಮೀಟ್ ಯುವರ್‌ಸೆಲ್ಫ್’ (2023, 40 ಕಂತು). ಕಂತಿಗೆ ಮುಕ್ಕಾಲು ಗಂಟೆ ಅಂತ ಲೆಕ್ಕ ಹಾಕಿಕೊಳ್ಳಿ. ಮೊದಲು ಇದಕ್ಕಿಂತ ಉದ್ದ ಎಳೆಯುತ್ತಿದ್ದರು. 2017ರ ‘ಎಟರ್ನಲ್ ಲವ್’ 58 ಕಂತು ಇತ್ತು. 2020ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಸಾರ ಇಲಾಖೆ ‘40 ದಾಟಿಸಬೇಡಿ, 30ರ ಒಳಗೆ ಮುಗಿಸಿದರೆ ಇನ್ನೂ ಒಳ್ಳೆಯದು’ ಅಂತ ಸೂಚನೆ ಹೊರಡಿಸಿತು. ನಮ್ಮಲ್ಲೂ ಯಾರಾದರೂ ಹಾಗೆ ಹೇಳಬಾರದಾ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ.

ನಾಯಕ ಎಷ್ಟು ಚೆಂದ, ಬಟ್ಟೆ ಎಷ್ಟು ಚೆಂದ ಅಂತ ಹೋಲಿಸಿ ಪ್ರಯೋಜನ ಇಲ್ಲ. ಎಲ್ಲರೂ ಚೆಂದವೇ. ನಾನು ಹಿಡಿದ ಅಳತೆಗೋಲು ಬೇರೆ. ನಮ್ಮ ಕನ್ನಡ ಸೀರಿಯಲ್‌ಗಳಲ್ಲಿ ಸಾಮಾನ್ಯವಾಗಿ ಮದುವೆ ಮೊದಲು, ಪ್ರೀತಿ ಆಮೇಲೆ. ಚೀನಾದವರದ್ದು ಉಲ್ಟಾ. ಹತ್ತು ಹದಿನೈದು ಕಂತು ಬರೀ ಕದ್ದು ನೋಡೋದು, ಛತ್ರಿ ಹಿಡಿಯೋದು, ಜ್ವರ ಬಂದಾಗ ಗಂಜಿ ಮಾಡಿಕೊಡೋದು. ಇದನ್ನೆಲ್ಲ ನಾಲ್ಕೂ ಚೆನ್ನಾಗಿಯೇ ಮಾಡುತ್ತವೆ. ಆದರೆ ಒಂದು ದಿನ ಇಬ್ಬರೂ ‘ಹೂಂ’ ಅಂತಾರೆ. ಆಗಲೂ ಇನ್ನೂ ಬೇಕಾದಷ್ಟು ಕಂತು ಬಾಕಿ ಇರುತ್ತದೆ. ಬಂಡವಾಳ ಬಯಲಾಗೋದು ಅಲ್ಲೇ.

‘ಹಿಡನ್ ಲವ್’ನಿಂದ ಶುರು ಮಾಡುತ್ತೇನೆ. ಯಾಕೆಂದರೆ ಎಲ್ಲರೂ ಮೊದಲು ಹೇಳೋದು ಇದನ್ನೇ. ಇದರ ಚೀನೀ ಹೆಸರಿಗೆ ‘ಎಷ್ಟು ಬಚ್ಚಿಟ್ಟರೂ ಬಚ್ಚಿಡಲಾಗದ್ದು’ ಅನ್ನೋ ಅರ್ಥ. ಶಾಲೆಗೆ ಹೋಗುವ ಹುಡುಗಿ ಸಾಂಗ್ ಝಿ. ಅವಳ ಅಣ್ಣ ಸಾಂಗ್ ಯಾನ್. ಅಣ್ಣನ ಕಾಲೇಜು ರೂಮ್‌ಮೇಟ್ ದುವಾನ್ ಜಿಯಾಶು. ಮೊದಲ ಭೇಟಿಯೇ ತಮಾಷೆ. ಅಣ್ಣನ ಕೋಣೆಯಲ್ಲಿ ಕೂತ ಜಿಯಾಶುವನ್ನು ನೋಡಿ, ನಮ್ಮಣ್ಣ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬಂದಿದ್ದಾನೆ ಅಂದುಕೊಳ್ಳುತ್ತಾಳೆ. ಆಮೇಲೆ ಶಾಲೆಯಲ್ಲಿ ‘ಮನೆಯವರನ್ನು ಕರ್ಕೊಂಡು ಬಾ’ ಅಂದಾಗ ಇವನನ್ನೇ ಅಣ್ಣ ಅಂತ ಕರೆದುಕೊಂಡು ಹೋಗುತ್ತಾಳೆ. ವರ್ಷಗಳು ಕಳೆದು, ಅವಳು ಅವನಿರುವ ಊರಿನ ಕಾಲೇಜಿಗೇ ಸೇರಿದ ಮೇಲೆ ಅವನಿಗೂ ಮನಸ್ಸಾಗುತ್ತದೆ.

ಅಮ್ಮ ಸಿಕ್ಕಿಹಾಕಿಕೊಂಡಿದ್ದು ‘ಗೆ’ ಅನ್ನೋ ಒಂದು ಅಕ್ಷರದಲ್ಲಿ. ಸಾಂಗ್ ಝಿ ಅವನನ್ನು ‘ಜಿಯಾಶು ಗೆ’ ಅಂತ ಕರೆಯುತ್ತಾಳೆ. ‘ಗೆ’ ಅಂದರೆ ಅಣ್ಣ. ನಾನು ಯೋಚನೆ ಮಾಡದೆ ಹಾಗೇ ಹೇಳಿಬಿಟ್ಟೆ.

‘ಅಣ್ಣ ಅಂತಾಳಾ?’

‘ಹೂಂ. ಅಣ್ಣನ ಫ್ರೆಂಡ್ ಅಲ್ವಾ.’

‘ಅಣ್ಣ ಅಂತ ಬಾಯ್ತುಂಬಾ ಕರೆದು ಇನ್ನೇನು ಪ್ರೀತಿನೇ? ರಾಖಿ ಕಟ್ಲಿ.’

ರಿಮೋಟ್ ತಗೊಂಡು ವಾರ್ತೆ ಹಾಕೋಕೆ ಹೊರಟಳು. ಚೀನೀ ಭಾಷೆಯಲ್ಲಿ ವಯಸ್ಸಿಗೆ ದೊಡ್ಡವನಾದ ಪ್ರಿಯಕರನನ್ನೂ ಹುಡುಗಿಯರು ‘ಗೆಗೆ’ ಅಂತ ಕರೆಯುತ್ತಾರೆ, ಅದರಲ್ಲಿ ಮುದ್ದೂ ಇರುತ್ತದೆ ಅಂತ ವಿವರಿಸಿದೆ. ಅವಳು ಕೇಳಲಿಲ್ಲ. ನಮ್ಮ ಕಡೆ ಆ ಜಾಗದಲ್ಲಿ ‘ಮಾವ’ ಅಂದಿದ್ದರೆ ಅಮ್ಮ ಬೆಳಗ್ಗಿನ ತನಕ ಕೂತು ನೋಡುತ್ತಿದ್ದಳು. ‘ಅಣ್ಣ’ ಅಂದ ತಕ್ಷಣ ನಮ್ಮಲ್ಲಿ ಬಾಗಿಲು ಮುಚ್ಚಿ ಚಿಲಕ ಹಾಕಿದ ಹಾಗೆ. ಮರುದಿನದಿಂದ ನಾನು ಅದನ್ನು ಅನುವಾದ ಮಾಡೋದು ಬಿಟ್ಟೆ. ಬರೀ ‘ಜಿಯಾಶು’ ಅಂದೆ. ಸಮಸ್ಯೆ ಅಲ್ಲಿಗೆ ಮುಗಿಯಿತು.

ಮುಗಿಯಿತಾ? ನನಗೇ ಪೂರ್ತಿ ಮುಗಿಯಲಿಲ್ಲ. ಮೊದಲ ಸಲ ನೋಡಿದಾಗ ಸಾಂಗ್ ಝಿ ಪಾತ್ರ ಮಾಡಿದ ಝಾವೋ ಲುಸಿಯ ಮುಖದಲ್ಲೇ ಮುಳುಗಿದ್ದೆ. ಆಕೆ ಹದಿಹರೆಯದ ಹುಡುಗಿಯ ಮುನಿಸನ್ನು ತುಟಿಯ ಅಂಚಿನಲ್ಲೇ ತೋರಿಸಿಬಿಡುತ್ತಾಳೆ. ಎರಡನೇ ಸಲ ನೋಡುವಾಗ ಆ ಮೊದಲ ಕೆಲವು ಕಂತು ಸ್ವಲ್ಪ ಕಿರಿಕಿರಿ ಮಾಡಿದವು. ಕಥೆ ಎಚ್ಚರಿಕೆಯಿಂದಲೇ ನಡೆಯುತ್ತದೆ, ಅವಳು ದೊಡ್ಡವಳಾಗುವ ತನಕ ಅವನ ಕಡೆಯಿಂದ ಏನೂ ಇಲ್ಲ. ಆದರೂ ಕ್ಯಾಮೆರಾ ಮಾತ್ರ ಮೊದಲ ದಿನದಿಂದಲೇ ಪ್ರೇಮಕಥೆ ಹೇಳುತ್ತಿರುತ್ತದೆ.

ಇನ್ನು ‘ಹೂಂ’ ಅಂದ ಮೇಲೆ? ಬರೀ ಸಿಹಿ. ಚೀನೀ ಪ್ರೇಕ್ಷಕರು ಇದನ್ನು ‘ಸಕ್ಕರೆ ಎರಚೋದು’ ಅಂತಾರೆ, ಸರಿಯಾಗೇ ಹೇಳುತ್ತಾರೆ. ಜಿಯಾಶುವಿನ ಅಪ್ಪ ಮಾಡಿದ ಅಪಘಾತ, ಆ ಸಾಲ, ಅಪಘಾತಕ್ಕೆ ಸಿಕ್ಕವರ ಕುಟುಂಬದ ಹುಡುಗಿ ಇವನ ಬೆನ್ನು ಬೀಳೋದು, ಇಷ್ಟೆಲ್ಲ ಗಟ್ಟಿ ಸಾಮಾನು ಕೈಯಲ್ಲಿ ಇಟ್ಟುಕೊಂಡೂ ಕಥೆ ಅದನ್ನು ಬೇಗ ಬೇಗ ಮುಗಿಸಿ ಮತ್ತೆ ಮುದ್ದಿಗೆ ಓಡುತ್ತದೆ. ಮೈಸೂರು ಪಾಕ್ ಮೊದಲ ತುಂಡು ಚೆನ್ನ. ಐದನೆಯದಕ್ಕೆ ನೀರು ಕೇಳುತ್ತೇವೆ.

‘ಯು ಆರ್ ಮೈ ಗ್ಲೋರಿ’ಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಾಯಕಿ ಸಿನಿಮಾ ತಾರೆ. ‘ಆನರ್ ಆಫ್ ಕಿಂಗ್ಸ್’ ಅನ್ನೋ ಮೊಬೈಲ್ ಗೇಮಿಗೆ ರಾಯಭಾರಿ, ಆದರೆ ಆಡೋಕೆ ಬರಲ್ಲ, ಊರೆಲ್ಲ ನಗುತ್ತದೆ. ಕಲಿಸೋಕೆ ಸಿಗುವವನು ಹೈಸ್ಕೂಲಿನಲ್ಲಿ ಇವಳನ್ನು ಬೇಡ ಅಂದಿದ್ದ ಯು ತು, ಈಗ ಉಪಗ್ರಹ ವಿನ್ಯಾಸ ಮಾಡುವ ಎಂಜಿನಿಯರ್. ಚೀನೀ ಭಾಷೆಯಲ್ಲಿ ಗೇಮಿನ ಹೆಸರಲ್ಲಿರೋ ‘ರೊಂಗ್‌ಯಾವೊ’ (ಕೀರ್ತಿ, ಗ್ಲೋರಿ) ಅನ್ನೋ ಪದವೇ ಧಾರಾವಾಹಿಯ ಹೆಸರಲ್ಲೂ ಇದೆ. ಗೇಮ್ ಮಾಡಿದ್ದು ಟೆನ್ಸೆಂಟ್. ಧಾರಾವಾಹಿ ಬಂದಿದ್ದು ಟೆನ್ಸೆಂಟ್ ವಿಡಿಯೋದಲ್ಲಿ. 32 ಕಂತಿನ ಜಾಹೀರಾತು ಅಂತ ನೀವು ಬೈದರೆ ನಾನು ಅಡ್ಡ ಬರೋದಿಲ್ಲ.

ಆದರೆ ಒಂದು ವಿಷಯಕ್ಕೆ ಇದನ್ನು ಮೆಚ್ಚುತ್ತೇನೆ. ಇಲ್ಲಿ ದುಡ್ಡಿನ ಮಾತು ಬರುತ್ತದೆ. ಯು ತು ಬಾಹ್ಯಾಕಾಶದ ಕೆಲಸ ಬಿಟ್ಟು ಜಾಸ್ತಿ ಸಂಬಳದ ಬ್ಯಾಂಕಿಂಗ್ ಕೆಲಸಕ್ಕೆ ಹೋಗೋದಾ ಅಂತ ಒದ್ದಾಡುತ್ತಾನೆ. ಮನೆಯವರಿಗೆ ಕಾಯಿಲೆ ಬಂದಾಗ ಇಷ್ಟದ ಕೆಲಸದಿಂದ ಏನು ಉಪಯೋಗ ಅನ್ನೋ ಪ್ರಶ್ನೆ ಅವನದು. ಸಂಬಳದಲ್ಲಿ ಬದುಕುವ ಯಾರಿಗಾದರೂ ಅದು ಅರ್ಥವಾಗುತ್ತದೆ. ‘ಹೂಂ’ ಅಂದ ಮೇಲೂ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಸುಸ್ತಾಗಿ ಬರುತ್ತಾರೆ, ಜಗಳಕ್ಕೆ ಅಂತ ಸುಮ್ನೆ ಜಗಳ ಆಡೋದಿಲ್ಲ. ಜಗಳವೇ ಇಲ್ಲದ ಕಡೆ ಕಥೆಯೂ ಸ್ವಲ್ಪ ತೂಕಡಿಸುತ್ತದೆ. ಕೊನೆಯ ಆರೇಳು ಕಂತು ನಾನು 1.5 ವೇಗದಲ್ಲಿ ನೋಡಿದೆ, ಒಪ್ಪಿಕೊಳ್ಳುತ್ತೇನೆ. ನಾಯಕಿಯ ಪಾತ್ರ ಮಾಡಿದ ದಿಲ್‌ರಬಾ ಉಯ್ಗರ್ ಅನ್ನೋ ಚೀನಾದ ಮುಸ್ಲಿಂ ಜನಾಂಗದವಳು. ‘ಚೀನಾದವಳಿಗೆ ದಿಲ್‌ರುಬಾ ಅಂತ ಹೆಸರಾ’ ಅಂತ ಅಮ್ಮ ಕೇಳಿದ್ದೊಂದೇ ಈ ಧಾರಾವಾಹಿಯ ಬಗ್ಗೆ ಅವಳು ಆಡಿದ ಮಾತು.

‘ಫೇರಿ ಆ್ಯಂಡ್ ಡೆವಿಲ್’ ಬೇರೆಯದೇ ಲೋಕ. ದೇವತೆಗಳು, ರಾಕ್ಷಸರು, ಶಾಪ, ಜನ್ಮಾಂತರ. ಪುರಾಣ ಕೇಳಿ ಬೆಳೆದ ನಮಗೆ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಶಿಯಾವೊ ಲಾನ್‌ಹುವಾ ಒಂದು ಆರ್ಕಿಡ್ ಹೂವಿನ ಪುಟ್ಟ ದೇವತೆ. ಸೆರೆಯಲ್ಲಿದ್ದ ಅಸುರರಾಜ ಡಾಂಗ್‌ಫಾಂಗ್ ಚಿಂಗ್‌ಚಾಂಗ್‌ನನ್ನು ತಿಳಿಯದೆ ಬಿಡಿಸಿಬಿಡುತ್ತಾಳೆ. ಅವನಿಗೆ ಭಾವನೆಗಳೇ ಇಲ್ಲ, ಚಿಕ್ಕಂದಿನಲ್ಲೇ ಕಿತ್ತು ಹಾಕಿದ್ದಾರೆ. ಆದರೆ ಒಂದು ಮಂತ್ರ ಇಬ್ಬರನ್ನೂ ಕಟ್ಟಿಹಾಕುತ್ತದೆ: ಅವಳಿಗೆ ಪೆಟ್ಟಾದರೆ ಇವನಿಗೂ ಪೆಟ್ಟು, ಅವಳು ಅತ್ತರೆ ಇವನ ಎದೆಯಲ್ಲೂ ನೋವು. ಕಲ್ಲಿನಂಥ ನಾಯಕ ಕರಗೋದಕ್ಕೆ ಇಲ್ಲಿ ಒಂದು ಕಾರಣ ಕೊಟ್ಟಿದ್ದಾರೆ. ಬೇರೆ ಧಾರಾವಾಹಿಗಳಲ್ಲಿ ‘ಅವಳ ಮುಗ್ಧತೆಗೆ ಸೋತ’ ಅಂದು ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಅವಳ ನೋವು ಅವನ ಮೈಮೇಲೇ ಬೀಳುತ್ತದೆ. ಅವನು ಮೊದಲು ಅವಳನ್ನು ಕಾಯೋದು ಬರೀ ತನ್ನ ಸ್ವಾರ್ಥಕ್ಕೆ. ಅದು ಯಾವಾಗ ಬದಲಾಯಿತು ಅಂತ ಹೇಳೋಕಾಗಲ್ಲ. ಎರಡು ಸಲ ನೋಡಿದರೂ ನನಗೆ ಆ ಕ್ಷಣ ಸಿಗಲಿಲ್ಲ, ಅದೇ ಅದರ ಹೆಚ್ಚುಗಾರಿಕೆ.

ಅವಳು ಅವನಿಗೆ ಇಟ್ಟ ಅಡ್ಡಹೆಸರು ‘ದೊಡ್ಡ ಮರದ ತುಂಡು’. ನಾನು ಅಮ್ಮನಿಗೆ ‘ಕೊರಡು’ ಅಂತ ಹೇಳಿದೆ. ನಾಲ್ಕರಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಅನುವಾದ ಅದು. ಅಲ್ಲಿಂದ ಮುಂದೆ ಅವನು ಪರದೆ ಮೇಲೆ ಬಂದಾಗಲೆಲ್ಲ ಅಮ್ಮ ‘ಬಂದ ನೋಡು ಕೊರಡು’ ಅನ್ನುತ್ತಿದ್ದಳು. ಕೊರಡು ಕೊನರೋದೇ ಕಥೆ ಅಂದ ಮೇಲೆ ಇನ್ನೇನು ಹೇಳಲಿ. ಇಬ್ಬರ ದೇಹ ಅದಲು ಬದಲಾಗುವ ಕಂತುಗಳಲ್ಲಿ ನಾಯಕ ನಟ ಡೈಲನ್ ವಾಂಗ್ ಹೆದರುಪುಕ್ಕಲ ಹುಡುಗಿಯಾಗಿ ಸೆರಗು ಹಿಡಿದವರ ಹಾಗೆ ತೋಳು ಹಿಡಿದುಕೊಂಡು ನಡೆಯುವುದನ್ನು ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

‘ಹೂಂ’ ಅಂದ ಮೇಲೆ ಇಲ್ಲಿ ಸಕ್ಕರೆ ಇಲ್ಲ, ಕಣ್ಣೀರು. ಲೋಕಗಳ ಯುದ್ಧ, ವಿಧಿ, ತ್ಯಾಗ. ಕೊನೆಯ ಭಾಗದಲ್ಲಿ ಅಳು ಜಾಸ್ತಿಯೇ ಆಯಿತು. ಆದರೂ ನಡೆಯುವುದೆಲ್ಲ ಇಬ್ಬರ ಸ್ವಭಾವದಿಂದಲೇ ನಡೆಯುತ್ತದೆ. ಬೇಕಂತಲೇ ತಂದು ಹಾಕಿದ ವಿಲನ್ ಅಥವಾ ಮರೆವಿನ ರೋಗ ಇಲ್ಲ. ಅಂಥ ಕಟ್ಟು ಕಥೆಗೆ ಚೀನೀ ಭಾಷೆಯಲ್ಲಿ ‘ನಾಯಿ ರಕ್ತ’ ಅಂತಾರಂತೆ. ಆ ಮಾತು ನನಗೆ ಬಹಳ ಇಷ್ಟ, ಸಂಜೆ ಏಳರಿಂದ ಹತ್ತರ ತನಕ ನಮ್ಮ ಟೀವಿ ಮುಂದೆ ಕೂತರೆ ಬೇಕಾದಷ್ಟು ಸಲ ಬಳಸಬಹುದು.

ನಡುವೆ ಒಂದು ಮಾತು. ತುಟಿ ಒಂದು ಕಡೆ ಮಾತು ಒಂದು ಕಡೆ ಅನ್ನಿಸಿದರೆ ನಿಮ್ಮ ನೆಟ್ ತಪ್ಪಲ್ಲ. ಚೀನೀ ಧಾರಾವಾಹಿಗಳಲ್ಲಿ, ಅದರಲ್ಲೂ ಪುರಾಣದ ಕಥೆಗಳಲ್ಲಿ, ಆಮೇಲೆ ಕೂತು ದನಿ ಕೊಡೋದು ಮಾಮೂಲು. ಎಷ್ಟೋ ಸಲ ದನಿ ಬೇರೆಯವರದೇ. ಸೆಟ್‌ಗಳಲ್ಲಿ ಗಲಾಟೆ, ನಟರ ಮಾತಲ್ಲಿ ಅವರವರ ಊರಿನ ಛಾಯೆ. ಮುಂಬೈ ನಾಯಕಿಯರಿಗೆ ಬೇರೆಯವರು ಕನ್ನಡದ ದನಿ ಕೊಟ್ಟ ಸಿನಿಮಾಗಳನ್ನು ನೋಡಿ ಬೆಳೆದ ನಮಗೆ ಇದು ಹೊಸದಾ?

ಕೊನೆಯದು ‘ಮೀಟ್ ಯುವರ್‌ಸೆಲ್ಫ್’. ನನ್ನ ಮಟ್ಟಿಗೆ ಗೆದ್ದಿದ್ದು ಇದೇ. ಚೀನೀ ಹೆಸರಿನ ಅರ್ಥ ‘ಗಾಳಿ ಇರುವ ಜಾಗಕ್ಕೆ ಹೋಗು’. ಲಿಯು ಯಿಫೆ ಇಲ್ಲಿ ಬೀಜಿಂಗ್‌ನ ಹೋಟೆಲೊಂದರಲ್ಲಿ ದುಡಿಯುವ ಶು ಹೊಂಗ್‌ದೋವ್. ಜೀವದ ಗೆಳತಿ ಕ್ಯಾನ್ಸರ್‌ನಿಂದ ಹೋಗಿಬಿಡುತ್ತಾಳೆ. ಇಬ್ಬರೂ ಒಟ್ಟಿಗೆ ಹೋಗಬೇಕು ಅಂದುಕೊಂಡಿದ್ದ ಯುನ್ನಾನ್ ಪ್ರಾಂತ್ಯದ ಡಾಲಿಗೆ ಇವಳು ಒಬ್ಬಳೇ ಹೋಗುತ್ತಾಳೆ, ಕೆಲಸ ಬಿಟ್ಟು, ಮೂರು ತಿಂಗಳಿಗೆ. ಅಲ್ಲಿ ಒಂದು ಹಳ್ಳಿ, ಒಂದು ಅಂಗಳದ ಮನೆ, ಹೀಗೇ ಊರು ಬಿಟ್ಟು ಬಂದ ನಾಲ್ಕೈದು ಜನ. ಬೀಜಿಂಗ್‌ನ ಒಳ್ಳೆಯ ಕೆಲಸ ಬಿಟ್ಟು ಹಳ್ಳಿಗೆ ಮರಳಿ ಕಸೂತಿ, ಮರದ ಕೆತ್ತನೆಯವರಿಗೆ ದಾರಿ ಮಾಡಿಕೊಡಲು ಓಡಾಡುವ ಶಿಯೆ ಝಿಯಾವೊ. ಅವನ ಅಜ್ಜಿ.

ಆ ಅಜ್ಜಿ ಬಂದ ಮೇಲೆ ಅಮ್ಮ ಅನುವಾದ ಕೇಳೋದನ್ನೇ ನಿಲ್ಲಿಸಿದಳು. ಅಜ್ಜಿ ಏನು ಹೇಳುತ್ತಿದ್ದಾಳೆ ಅಂತ ಅವಳೇ ನನಗೆ ಹೇಳತೊಡಗಿದಳು. ‘ಊಟ ಮಾಡ್ಕೊಂಡು ಹೋಗು ಅಂತಿದಾಳೆ.’ ಸಬ್‌ಟೈಟಲ್ ನೋಡಿದರೆ ಹೆಚ್ಚುಕಡಿಮೆ ಅದೇ. ಗುಲಾಬಿ ದಳದ ಹೂರಣ ತುಂಬಿ ಮಾಡುವ ಯುನ್ನಾನ್‌ನ ಹೂವಿನ ತಿಂಡಿ ಕಂಡಾಗ ‘ಗುಲ್ಕನ್ ಹೋಳಿಗೆ’ ಅಂತ ಹೆಸರಿಟ್ಟಳು.

ಅರ್ಧ ದಾಟಿದರೂ ಇವರಿಬ್ಬರು ಪ್ರೀತಿಯ ಮಾತು ಎತ್ತೋದಿಲ್ಲ. ನನ್ನ ಆಫೀಸಿನವಳು ಎರಡನೇ ಕಂತಿಗೆ ಬಿಟ್ಟಿದ್ದು ಇದನ್ನೇ, ‘ಏನೂ ಆಗೋದೇ ಇಲ್ಲ’ ಅಂತ. ನಿಜ, ಏನೂ ಆಗೋದಿಲ್ಲ. ಒಬ್ಬಳು ಬೆಳಗ್ಗೆ ಏಳುತ್ತಾಳೆ, ಗೆಳತಿ ನೆನಪಾಗುತ್ತಾಳೆ, ಯಾರೋ ಕಷಾಯ ಕೊಡುತ್ತಾರೆ, ಕುದುರೆ ಹಿಡಿದುಕೊಂಡು ಯಾರೋ ಹಾದು ಹೋಗುತ್ತಾರೆ. ಆದರೆ ‘ಹೂಂ’ ಅನ್ನೋ ಹೊತ್ತಿಗೆ ಇಬ್ಬರಿಗೂ ಮಾಡೋಕೆ ಬೇರೆ ಕೆಲಸ ಇರುತ್ತದೆ, ಬೇರೆ ಜನ ಇರುತ್ತಾರೆ. ಹಾಗಾಗಿ ಅದರ ನಂತರವೂ ಕಥೆ ಒಣಗೋದಿಲ್ಲ. ಮೂರು ತಿಂಗಳು ಮುಗಿದ ಮೇಲೆ ಇವಳು ಏನು ಮಾಡುತ್ತಾಳೆ ಅನ್ನೋ ಪ್ರಶ್ನೆಯೇ ಸಾಕಾಗುತ್ತದೆ.

ತಕರಾರು ಇಲ್ಲದಿಲ್ಲ. ಇಷ್ಟು ಚೊಕ್ಕಟದ ಹಳ್ಳಿಯನ್ನು ನಾನು ನೋಡಿಲ್ಲ. ಸಗಣಿ ಇಲ್ಲ, ಸೊಳ್ಳೆ ಇಲ್ಲ, ಕರೆಂಟು ಹೋಗೋದಿಲ್ಲ. ಪ್ರವಾಸೋದ್ಯಮ ಇಲಾಖೆಯ ವಿಡಿಯೋ ನೋಡಿದ ಹಾಗಾಗುತ್ತದೆ ಕೆಲವು ಕಡೆ. ಇದು ಬಂದ ಮೇಲೆ ಚಿತ್ರೀಕರಣ ನಡೆದ ಫೆಂಗ್‌ಯಾಂಗ್‌ಯಿ ಹಳ್ಳಿಗೆ ಜನ ಮುಗಿಬಿದ್ದರು ಅಂದರೆ ಆಶ್ಚರ್ಯ ಇಲ್ಲ. ಶಾಂತಿ ಹುಡುಕಿಕೊಂಡು ಹೋದವರಿಗೆ ಅಲ್ಲಿ ಸೆಲ್ಫಿ ಸಾಲು ಸಿಕ್ಕಿರಬೇಕು.

ಹಾಗಾದರೆ ಯಾರಿಗೆ ಯಾವುದು? ರಾತ್ರಿ ನಿದ್ದೆ ಕೆಡಿಸಿಕೊಳ್ಳೋಕೆ ತಯಾರಿದ್ದರೆ ಕೊರಡಿನ ಕಥೆ. ಪರೀಕ್ಷೆ ಮುಗಿದ ಮಕ್ಕಳಿಗೆ ‘ಹಿಡನ್ ಲವ್’, ಅವರು ನನ್ನ ಮಾತು ಹೇಗೂ ಕೇಳೋದಿಲ್ಲ. ‘ಗ್ಲೋರಿ’ ಬೇಕಾದರೆ ನೋಡಿ, ಬಟ್ಟೆ ಮಡಚುತ್ತಾ ನೋಡಬಹುದು. ಯಾರನ್ನಾದರೂ ಕಳೆದುಕೊಂಡು ಸುಮ್ಮನಾಗಿರುವವರಿಗೆ, ಅಥವಾ ಅಮ್ಮನ ಜೊತೆ ನೋಡೋಕೆ ಏನಾದರೂ ಬೇಕು ಅನ್ನುವವರಿಗೆ ‘ಮೀಟ್ ಯುವರ್‌ಸೆಲ್ಫ್’. ಐದು ಕಂತು ತಾಳ್ಮೆ ಇರಲಿ.

ಹೋದ ವಾರ ‘ದ ಫಸ್ಟ್ ಫ್ರಾಸ್ಟ್’ ಶುರು ಮಾಡಿದ್ದೇವೆ, 2025ರದ್ದು. ‘ಹಿಡನ್ ಲವ್’ನ ಅಣ್ಣ ಸಾಂಗ್ ಯಾನ್‌ನ ಪ್ರೇಮಕಥೆ ಇದು. ಪಾತ್ರ ಅದೇ, ನಟ ಮಾತ್ರ ಬೇರೆ. ‘ಇವನೇ ಅಮ್ಮ ಆ ಹುಡುಗಿಯ ಅಣ್ಣ’ ಅಂದೆ. ಅಮ್ಮ ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದಳು.

‘ಈ ಸಲ ನಿಜವಾಗ್ಲೂ ಪ್ಲಾಸ್ಟಿಕ್ ಸರ್ಜರಿ ಮಾಡಿಸ್ಕೊಂಡಿದಾನೆ ಕಣೇ.’